ಅಂಜನಪ್ಪನ ರಜೆಯೂ ಒಬ್ಬ ಮುಯ್ಯಾಳೂ

ಮೈಕಿನ ಮುಂದೆ ನಿಲ್ಲುವವರಲ್ಲಿ ಎರಡು ಜಾತಿ. ಮಾತು ಮುಗಿಸಲು ಬಾರದವರು ಒಂದು, ಅಂಜನಪ್ಪ ಇನ್ನೊಂದು. ಅಂಜನಪ್ಪ ನಮ್ಮ ರಿಪ್ಪನ್‌ಪೇಟೆಯ ಜಯಪ್ಪನ ಶಾಮಿಯಾನ ಅಂಗಡಿಯಲ್ಲಿ ಕಂಬ ನೆಟ್ಟು, ಕುರ್ಚಿ ಹಾಕಿ, ಮೈಕು ಕಟ್ಟುವ ಆಳು. ಆಯುಷ್ಯದಲ್ಲಿ ಅವನು ಮೈಕಿನಲ್ಲಿ ಆಡಿದ್ದು ಒಂದೇ ಮಾತು: "ಹಲೋ, ಹಲೋ, ಮೈಕ್ ಚೆಕ್." ಆ ಮಾತನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿನವರು ಕೇಳಿದ್ದಾರೆ. ಯಾವ ದೊಡ್ಡ ಮನುಷ್ಯನ ಭಾಷಣವನ್ನೂ ಅಷ್ಟು ಜನ ಕೊನೆತನಕ ಕೇಳಿದ್ದನ್ನು ನಾನು ಕಾಣೆ.

ನನ್ನದು ಆ ಅಂಗಡಿಗೆ ಗೋಡೆ ಹಂಚಿಕೊಂಡ ಟೈಲರಿಂಗ್ ಅಂಗಡಿ. ಹಾಗಾಗಿ ಅಂಜನಪ್ಪನ ಕಾಯಿಲೆ ನನಗೆ ಚೆನ್ನಾಗಿ ಗೊತ್ತು. ತಾನು ಕಟ್ಟಿದ ಮೈಕಿನಲ್ಲಿ ಹೊರಟ ಮಾತಿಗೆಲ್ಲ ತನಗೂ ಅರ್ಧ ಪಾಲಿದೆ ಎಂದು ಅವನು ನಂಬಿದ್ದ. ಅಡಿಕೆ ಬೆಳೆಗಾರರ ಸಭೆ ಮುಗಿಸಿ ಬಂದ ದಿನ ನನ್ನ ಮೆಟ್ಟಿಲ ಮೇಲೆ ಕೂತು ಎಲೆಚುಕ್ಕಿ ರೋಗಕ್ಕೆ ಮದ್ದು ಹೇಳುತ್ತಿದ್ದ. ಆರೋಗ್ಯ ಮೇಳದ ಮಾರನೇ ದಿನ ಬಿ.ಪಿ. ನೋಡಲು ನನ್ನ ಕೈ ಹಿಡಿಯುತ್ತಿದ್ದ. ಯಾವ ಮಾತಿಗೂ ಪೀಠಿಕೆ ಒಂದೇ: "ನಾವು ನಿನ್ನೆ ಹೇಳಿದ್ವಲ್ಲ ಟೈಲರಣ್ಣ." ಆ 'ನಾವು' ಎಂಬುದರಲ್ಲಿ ವಿಜ್ಞಾನಿ, ಡಾಕ್ಟರು, ಶಾಸಕರು ಎಲ್ಲರೂ ಇರುತ್ತಿದ್ದರು. ವರ್ಷಗಟ್ಟಲೆ ಸೌಂಡ್ ಬಾಕ್ಸಿನ ಪಕ್ಕ ನಿಂತು ನಿಂತು ಅವನ ಕಿವಿ ಮಂದವಾಗಿತ್ತು. ಮೊಬೈಲನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವನು. ಅವನ ಸಂಸಾರದ ಗುಟ್ಟೆಲ್ಲ ಪೇಟೆಗೇ ಗೊತ್ತು.

ಇನ್ನು ಜಯಪ್ಪನ ಅಂಗಡಿಯ ರಜೆಯ ಕಾನೂನು ಹೇಳಬೇಕು. ಅಲ್ಲಿ ಕಾಯಿಲೆಗೆ ರಜೆ ಇಲ್ಲ. ಸಾವಿಗೆ ಉಂಟು, ಅದೂ ಸಂಬಳ ಸಹಿತ. ಇದನ್ನು ದಯೆ ಎಂದು ತಿಳಿದರೆ ನೀವು ಜಯಪ್ಪನಿಗೆ ಅನ್ಯಾಯ ಮಾಡಿದಂತೆ, ಅವನು ವ್ಯಾಪಾರಸ್ಥ. ಒಮ್ಮೆ ಕೋಣಂದೂರಿನ ಮದುವೆಯೊಂದರಲ್ಲಿ ಸೂತಕದ ಆಳು ಮಂಟಪದ ಕಂಬ ಮುಟ್ಟಿದ್ದು ಗೊತ್ತಾಗಿ ಪುರೋಹಿತರು ಎದ್ದು ನಿಂತುಬಿಟ್ಟರು. ಬೀಗರು ಕುರ್ಚಿ ಬಿಟ್ಟು ಎದ್ದರು. ಜಯಪ್ಪ ಮುಹೂರ್ತದೊಳಗೆ ಇಡೀ ಮಂಟಪ ಬಿಚ್ಚಿಸಿ ಬೇರೊಂದನ್ನು ತರಿಸುವಷ್ಟರಲ್ಲಿ ಅರ್ಧ ಪ್ರಾಣ ಬಿಟ್ಟಿದ್ದ. ಅವತ್ತಿನಿಂದ ಆಳುಗಳಿಗೆಲ್ಲ ಅಪ್ಪಣೆಯಾಯಿತು: "ಮನೇಲಿ ಯಾರಾದ್ರೂ ಸತ್ರೆ ನನ್ನ ಅಂಗ್ಡಿ ಮೆಟ್ಲು ಹತ್ತಬೇಡ ಮಾರಾಯ, ಸಂಬಳ ಮನೆಗೇ ಕಳಿಸ್ತೀನಿ. ಕಾಯ್ಲೆ ಆದ್ರೆ ಮಾತ್ರ ಬಾ. ಕಾಯ್ಲೆಗೆ ಮೈಲಿಗೆ ಇಲ್ಲ."

ಹೀಗಿರುವಾಗ ಅಂಜನಪ್ಪನ ತಾಯಿ ಗುತ್ಯಮ್ಮನ ಹೊಟ್ಟೆಯಲ್ಲಿ ಗಡ್ಡೆ ಕಂಡಿತು.

ಗುತ್ಯಮ್ಮ ಗೇಣಿ ಕಾಲದಿಂದ ಗದ್ದೆಯಲ್ಲೇ ಬಗ್ಗಿ ಬೆಳೆದ ಹೆಂಗಸು. ಊರಿನಲ್ಲಿ ಅವಳು ಸಸಿ ನೆಡದ ಗದ್ದೆ ಇಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾದಾಗ ಅವಳು ಮಗನನ್ನು ಜಗಲಿಗೆ ಕರೆದು ಕೂರಿಸಿಕೊಂಡಳು.

"ಆಪ್ರೇಷನ್ ಅಂದ್ರೆ ಮೈ ಮೇಲೆ ಎಚ್ರ ಇರಲ್ವಂತೆ, ಹೌದೇನಾ ಅಂಜ್ನಾ?"

"ಹೌದವ್ವ. ಅದ್ಕೆ ಬೇರೆ ಡಾಕ್ಟ್ರೇ ಇರ್ತಾರೆ. ಹೋದ ವರ್ಷ ಆರೋಗ್ಯ ಮೇಳದಾಗೆ ನಾವು ಹೇಳಿದ್ವಲ್ಲ."

"ನೀನು ಹೇಳಿದ್ದು ಹಂಗಿರ್ಲಿ. ನನ್ನ ಒಳಗೆ ಕರ್ಕಂಡು ಹೋಗುವಾಗ ನೀನು ಬಾಗ್ಲಲ್ಲಿ ನಿಂತಿರ್ಬೇಕು. ಕಣ್ಣು ಮುಚ್ಚಾ ಮುಂಚೆ ನಿನ್ನ ಮುಖ ಕಂಡ್ರೆ ಸಾಕು. ಎಚ್ರ ಆದಾಗ ಎಲ್ಲಿಗೆ ವಾಪಸ್ ಬರ್ಬೇಕು ಅಂತ ಗೊತ್ತಾಗ್ತದೆ."

ಗುತ್ಯಮ್ಮ ಜೀವಮಾನದಲ್ಲಿ ಮಗನಿಂದ ಕೇಳಿದ್ದು ಇದೊಂದೇ ಇರಬೇಕು. ಸೀರೆ ಕೇಳಿದವಳಲ್ಲ, ಧರ್ಮಸ್ಥಳಕ್ಕೆ ಕರಕೊಂಡು ಹೋಗು ಎಂದವಳಲ್ಲ. ಬಾಗಿಲಲ್ಲಿ ನಿಂತಿರು ಎಂದಳು. ನಿಲ್ಲುವುದೇ ಕೆಲಸವಾಗಿರುವ ಮಗ, ಇದೇನು ದೊಡ್ಡದು ಎಂದುಕೊಂಡು ಧೈರ್ಯವಾಗಿ ಹೂಂ ಅಂದುಬಿಟ್ಟ.

ಮರುದಿನ ಜಯಪ್ಪನ ಮುಂದೆ ತಲೆ ಕೆರೆದುಕೊಂಡು ನಿಂತಾಗ ಜಯಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜಯಪ್ಪ ನಯವಾಗಿ ಮಾತಾಡಿದರೆ ಎದುರಿಗಿದ್ದವನ ಕಥೆ ಮುಗಿದಂತೆ.

"ಅಂಜನಪ್ಪಾ, ನಿಮ್ಮವ್ವ ಬೇರೆ ಅಲ್ಲ ನಮ್ಮವ್ವ ಬೇರೆ ಅಲ್ಲ. ಆದ್ರೆ ಮದುವೆ ಸೀಸನ್ನು, ಎಂಥ ಮಾಡಾದು? ನೋಡು, ರಜೆ ಕಾನೂನೇ ಬರ್ತಾ ಉಂಟಂತೆ. ಸರ್ಕಾರದ ಸಮಿತಿ ಸಾಗರಕ್ಕೆ ಬರ್ತದೆ. ಮನೇಲಿ ಕಾಯ್ಲೆ ಬಿದ್ರೆ ನೋಡ್ಕಳಕ್ಕೆ ಸಂಬಳದ ರಜೆ, ನಮ್ಮಂಥ ಸಣ್ಣ ಅಂಗ್ಡಿಗೂ. ಅದೇ ಬಂದ್ರೆ ನಾನ್ಯಾರು ಇಲ್ಲ ಅನ್ನಕೆ? ಶಾಮಿಯಾನ ನಮ್ದೇ ಆರ್ಡ್ರು. ನೀನೇ ಮೈಕ್ ಕಟ್ಟು ಬಾ."

ಅಂಜನಪ್ಪ ಆ ದಿನ ನನ್ನ ಮೆಟ್ಟಿಲ ಮೇಲೆ ಕೂತು ಕಾನೂನನ್ನು ಆಗಲೇ ಜಾರಿ ಮಾಡಿಬಿಟ್ಟ. ಕಾಯಿಲೆಗೆ ಇಷ್ಟು ರಜೆ, ಬಾಣಂತನಕ್ಕೆ ಇಷ್ಟು, ಅತ್ತೆಗಾದರೆ ಸ್ವಲ್ಪ ಕಮ್ಮಿ ಎಂದು ಹಂಚಿದ. ಬಟ್ಟೆ ಹೊಲಿಸಲು ಬಂದವರೂ ನಿಂತು ಕೇಳಿದರು.

ಸಮಿತಿಯ ಸಭೆ ನಡೆದದ್ದು ಸಾಗರದಲ್ಲಿ, ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ. ಅಂಜನಪ್ಪ ಹಾಕಿದ ಕುರ್ಚಿಗಳು ಸಾಲುಸಾಲಾಗಿ ಖಾಲಿ ಕೂತಿದ್ದವು. ಮುಂದಿನ ಸಾಲಿನಲ್ಲಿ ಮಾಲೀಕರು ಮಾತ್ರ ಇದ್ದರು: ಹೋಟೆಲಿನವರು, ಬಸ್ಸಿನವರು, ಅಕ್ಕಿ ಗಿರಣಿಯವರು. ಕೆಲಸಗಾರರಿಗೆ ರಜೆ ಬೇಕೇ ಎಂದು ಕೇಳುವ ಸಭೆಗೆ ಬರಲು ಕೆಲಸಗಾರರಿಗೆ ರಜೆ ಇರಲಿಲ್ಲ. ಖಾಲಿ ಕುರ್ಚಿ ಕಂಡರೆ ಶಾಮಿಯಾನದವನಿಗೆ ಅವಮಾನ ಎಂದು ಜಯಪ್ಪ ನನ್ನನ್ನೂ ಅಕ್ಕಪಕ್ಕದ ಅಂಗಡಿಯವರನ್ನೂ ವ್ಯಾನಿನಲ್ಲಿ ತುಂಬಿಕೊಂಡು ಬಂದಿದ್ದ. ಹೀಗೆ ನಾನೂ ಈ ರಾಜ್ಯದ ಶಾಸನ ರಚನೆಯಲ್ಲಿ ಒಂದು ಕುರ್ಚಿಯಷ್ಟು ಪಾಲು ಪಡೆದೆ.

ಸಮಿತಿಯ ಮುಖ್ಯಸ್ಥೆ ಕುಮುದಾ ಮೇಡಂ. ಬೆಂಗಳೂರಿನವರು, ಒಳ್ಳೆಯವರು. ಎಲ್ಲರ ಮಾತನ್ನೂ ತಲೆಯಾಡಿಸಿ ಕೇಳುತ್ತಿದ್ದರು. ಆ ದಿನ ಕೇಳಿದ ಮಾತುಗಳಿಗೆ ತಲೆ ಕಳಚಿ ಬೀಳದಿದ್ದದ್ದೇ ದೊಡ್ಡದು.

"ನಮ್ಮ ಹುಡುಗ್ರಿಗೆ ಕಾಯಿಲೆಯೇ ಬರಲ್ಲ ಮೇಡಂ," ಅಂದರು ಹೋಟೆಲಿನವರು. "ಅದಕ್ಕೆಲ್ಲ ನಾವು ಪುರುಸೊತ್ತು ಕೊಡಲ್ಲ."

"ರಜೆ ಕೊಟ್ರೆ ಮನೇಲಿ ಕೂತು ಅವ್ರಿಗೂ ಕಾಯ್ಲೆ ಅಂಟ್ತದೆ," ಅಂದರು ಗಿರಣಿಯವರು. "ಅವ್ರ ಆರೋಗ್ಯದ ದೃಷ್ಟಿಯಿಂದ್ಲೇ ನಾವು ಕೊಡಾದಿಲ್ಲ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಇಲ್ಲಿ ಕೆಲಸಗಾರರು ಒಬ್ಬರೂ ಇಲ್ವಾ?" ಎಂದು ಕೇಳಿದರು.

ಸಭೆ ಅತ್ತಿತ್ತ ನೋಡಿತು. ಅಂಜನಪ್ಪ ಆಗ ವೇದಿಕೆಯ ಕೆಳಗೆ ತಲೆ ಹಾಕಿ ವೈರು ಸರಿಮಾಡುತ್ತಿದ್ದ, ಹಿಂಭಾಗ ಮಾತ್ರ ಸಭೆಗೆ ಕಾಣುತ್ತಿತ್ತು. ಜಯಪ್ಪ ಹೋಗಿ ಅವನನ್ನು ರಟ್ಟೆ ಹಿಡಿದು ಎಳೆದು ನಿಲ್ಲಿಸಿದ. "ಇದ್ದಾನೆ ಮೇಡಂ! ನಮ್ಮವ್ನೇ. ಏನ್ ಬೇಕಾದ್ರೂ ಕೇಳಿ, ನಾನು ಹೇಳ್ಕೊಟ್ಟಿಲ್ಲ."

ಅಂಜನಪ್ಪ ಮೈಕಿನ ಮುಂದೆ ಬಂದ. ಅಭ್ಯಾಸಬಲ, "ಹಲೋ, ಹಲೋ, ಮೈಕ್ ಚೆಕ್" ಅಂದ. ಮಾಲೀಕರು ನಕ್ಕರು. ಮೇಡಂ ನಗಲಿಲ್ಲ.

"ಹೇಳಿ ಅಂಜನಪ್ಪನವರೇ. ಮನೇಲಿ ಯಾರಾದರೂ ಕಾಯಿಲೆ ಬಿದ್ದರೆ ನೀವು ಏನು ಮಾಡ್ತೀರಿ?"

ನಾನು ಕುರ್ಚಿಯ ತುದಿಗೆ ಬಂದು ಕೂತೆ. ಹೇಳೋ ಮಾರಾಯ, ಏನೂ ಮಾಡಲ್ಲ, ಕಣ್ಣು ಒರೆಸಿಕೊಂಡು ಕುರ್ಚಿ ಹಾಕೋಕೆ ಹೋಗ್ತೀವಿ ಅಂತ ಹೇಳು ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಆದರೆ ಅವನಿಗೆ 'ಅಂಜನಪ್ಪನವರೇ' ಅನ್ನುವುದು ತಲೆಗೇರಿಬಿಟ್ಟಿತ್ತು. ಜೀವನದಲ್ಲಿ ಮೊದಲ ಸಲ ಅವನ ಮೈಕಿನಲ್ಲಿ ಅವನದೇ ಮಾತು. ಬೆಂಗಳೂರಿನವರ ಎದುರು ನಮ್ಮ ಕಡೆಯವರಿಗೆ ಗತಿ ಇಲ್ಲ ಎನ್ನುವುದೇ? ಊರ ಮಾನ ಅವನ ಗಂಟಲಿಗೆ ಬಂದು ಕೂತಿತು.

"ನಮ್ಮ ಕಡೆ ಮುಯ್ಯಾಳು ಅಂತ ಉಂಟು ಮೇಡಂ," ಅಂದ. "ಇವತ್ತು ನಿಮ್ಮನೆ ಗದ್ದೆಗೆ ನಾನು ಬರಾದು, ನಾಳೆ ನಮ್ಮನೆ ಗದ್ದೆಗೆ ನೀವು ಬರಾದು. ಕೂಲಿ ಇಲ್ಲ, ಲೆಕ್ಕ ಇಲ್ಲ. ಆಳಿಗೆ ಆಳು. ಯಾರಾದ್ರೂ ಹುಷಾರಿಲ್ಲ ಅಂತ ಮಲಗಿದ್ರೆ ಊರೇ ಹೋಗಿ ಅವ್ರ ಕೆಲ್ಸ ಮಾಡ್ತದೆ. ನಮ್ಮಲ್ಲಿ ಮನುಷ್ಯ ಮಲಗಬಹ್ದು ಮೇಡಂ, ಅವ್ನ ಗದ್ದೆ ಮಲಗಲ್ಲ."

ಆಹಾ! ಚಪ್ಪಾಳೆ ಅಂದರೆ ಅದು. ಹೋಟೆಲಿನವರು ಎದ್ದು ನಿಂತು ತಟ್ಟಿದರು. ಮೇಡಂ ಕಣ್ಣಲ್ಲಿ ನೀರು ಬಂತು. "ಎಂಥ ಪರಂಪರೆ! ನಾವು ಕಾನೂನಿನಲ್ಲಿ ಹುಡುಕ್ತಾ ಇರೋದು ಇವರ ಬದುಕಿನಲ್ಲೇ ಇದೆ," ಎಂದು ಪಕ್ಕದವರಿಗೆ ಹೇಳಿ ಬರೆದುಕೊಳ್ಳಲು ಹೇಳಿದರು. ಅಂಜನಪ್ಪ ಕೈಮುಗಿದು ಇಳಿದು ಬಂದ.

ವಾಪಸು ವ್ಯಾನಿನಲ್ಲಿ ಕುರ್ಚಿಗಳ ನಡುವೆ ಸಿಕ್ಕಿಕೊಂಡು ಕೂತಿದ್ದಾಗ ನಾನು ಕೇಳಿದೆ: "ಅಲ್ವೋ, ನಿಮ್ಮವ್ವಂದು ಹೇಳಿದ್ಯೇನೋ? ನಿನಗೆ ರಜೆ ಬೇಕು ಅಂತ?"

ಅವನು ನನ್ನ ಮುಖವನ್ನೇ ನೋಡಿದ. "ಥೋ," ಅಂದ.

ಮಾರನೇ ದಿನ ಪೇಪರಿನಲ್ಲಿ ಅಂಜನಪ್ಪನ ಫೋಟೋ ಬಂತು. ಅವನ ಮುಖ ಅರ್ಧ, ಮೈಕು ಪೂರ್ತಿ. ಊರಿನಲ್ಲಿ ಸುದ್ದಿ ಹಬ್ಬಿದ್ದೇ ಬೇರೆ ಥರ. ರಜೆ ಕಾನೂನು ಮಾಡಿಸಿಕೊಂಡು ಬಂದವನು ಅಂಜನಪ್ಪ! ಕೆಲಸಕ್ಕೆ ಹೋಗುವ ಹೆಂಗಸರು ಅವನ ಮನೆಗೆ ಬಂದು ಬಾಣಂತನದ ರಜೆ ಕೇಳಿದರು. ಬಸ್ಸಿನ ಕಂಡಕ್ಟರೊಬ್ಬ ಟಿಕೆಟ್ ಹರಿಯದೆ, "ಅಣ್ಣಾ, ಬೆನ್ನುನೋವು ಸೇರಿಸಿದೀರಾ?" ಎಂದ. ಅಂಜನಪ್ಪನ ಹೆಂಡತಿ ಮಂಜುಶ್ರೀ ಮಾತ್ರ ಅಷ್ಟು ಬೇಗ ಮರುಳಾಗುವವಳಲ್ಲ.

"ಊರಿಗೆಲ್ಲ ರಜೆ ಹಂಚ್ತಾ ಇದೀರಲ್ಲ, ಅತ್ತೆ ಆಪ್ರೇಷನ್ನಿಗೆ ಎಂಥದಂತೆ?"

"ಇವತ್ತು ಕೇಳ್ತೀನಿ ಮಾರಾಯ್ತಿ. ಈಗ ಜಯಪ್ಪಣ್ಣಂಗೂ ನನ್ನ ಕಂಡ್ರೆ ಒಂದು ಇದು ಉಂಟು."

ಇದು ಇತ್ತು. ಜಯಪ್ಪ ಅವನಿಗೆ ಕುರ್ಚಿ ಕೊಟ್ಟು ಕೂರಿಸಿ ಚಾ ತರಿಸಿದ. "ಏನ್ ಮಾತಾಡಿದ್ಯೋ ಮಾರಾಯ, ಬಂಗಾರ! ರಜೆ ಬೇಕಾ? ಹೋಗು. ಒಂದು ತಿಂಗ್ಳು ಹೋಗು. ನಿನ್ನ ಬದ್ಲಿಗೆ ಒಬ್ಬ ಮುಯ್ಯಾಳು ತಂದು ನಿಲ್ಸಿ ಹೋಗು. ನೀನೇ ಹೇಳಿದ್ಯಲ್ಲ, ಊರೇ ಬರ್ತದೆ ಅಂತ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೈಕಿನಲ್ಲಿ ಆಡಿದರಂತೂ ಮೂರು ತಾಲೂಕಿಗೆ ಹೋಯಿತು.

ಅಂಜನಪ್ಪ ಮುಯ್ಯಾಳು ಹುಡುಕಲು ಹೊರಟ. ಮೊದಲು ಚಿಕ್ಕಪ್ಪನ ಮಗ ಶಿವು. ಅವನ ನಾಟಿಗೆ ಗುತ್ಯಮ್ಮ ಹೋಗದ ಮಳೆಗಾಲ ಇರಲಿಲ್ಲ.

"ಮುಯ್ಯಿ ಎಲ್ಲುಂಟಾ ಈಗ?" ಅಂದ ಶಿವು. "ಗದ್ದೆ ತೆಗ್ದು ಅಡಿಕೆ ಹಾಕಿದೀನಿ. ಉಳಿದ ತುಂಡಿಗೆ ಮಿಷನ್ ಬರ್ತದೆ. ಬೇಕಾದ್ರೆ ನಿಂಗೆ ಪವರ್ ಸ್ಪ್ರೇಯರ್ ಕೊಡ್ತೀನಿ, ಮುಯ್ಯಿ ಅಂತ ಇಟ್ಕ."

ಆಸ್ಪತ್ರೆ ಬಾಗಿಲಲ್ಲಿ ನಿಲ್ಲಲು ಪವರ್ ಸ್ಪ್ರೇಯರ್ ಏತಕ್ಕೆ ಎಂದು ಅಂಜನಪ್ಪನಿಗೆ ತಿಳಿಯಲಿಲ್ಲ. ಅಲ್ಲಿಂದ ಹೇರಂಬ ಭಟ್ಟರ ಮನೆಗೆ ಹೋದ. ಭಟ್ಟರು ಬೆಲ್ಲ ನೀರು ಕೊಟ್ಟು ಉಪಚರಿಸಿದರು, ಗುತ್ಯಮ್ಮನನ್ನು ಹೊಗಳಿದರು.

"ಎಂತ ಹೇಳದು ಅಂಜನಪ್ಪ, ನಿನ್ನ ತಾಯಿ ಕೈ ಅಂದ್ರೆ ಕೈ. ಕೊನೆಕೊಯ್ಲಲ್ಲಿ ಅವಳಷ್ಟು ಅಡಿಕೆ ಸುಲಿದವರು ಇಲ್ಲೆ. ಪೇಪರಲ್ಲಿ ನಿನ್ನ ಮಾತು ಓದಿ ಖುಷಿ ಆತು. ಇಂಥಾದ್ದೆಲ್ಲ ಉಳೀಬೇಕು. ಆದ್ರೆ ನಮ್ಮ ಮನೇಲಿ ಕಂಬ ಹೊರೋರು ಯಾರಿದ್ದಾರೆ ಹೇಳು? ನನಗಂತೂ ಸೊಂಟ ಇಲ್ಲೆ."

ಹೋದಲ್ಲೆಲ್ಲ ಹೀಗೆಯೇ. ಎಲ್ಲರಿಗೂ ಗುತ್ಯಮ್ಮನ ಋಣ ನೆನಪಿತ್ತು, ಎಲ್ಲರಿಗೂ ಕಣ್ಣು ತುಂಬಿತು, ಯಾರಿಗೂ ಬಿಡುವಿರಲಿಲ್ಲ. ಕೊನೆಗೆ ಬಂದವರು ಮಂಜುನಾಥಪ್ಪ. ವಯಸ್ಸು ಗುತ್ಯಮ್ಮನದೇ. ಕಣ್ಣು ಅಷ್ಟಕ್ಕಷ್ಟೆ, ತೋಳು ಮಾತ್ರ ಇನ್ನೂ ಹಲಸಿನ ಕೊರಡು.

"ನಾನು ಜ್ವರ ಬಂದು ಮಲಗಿದಾಗ ಗುತ್ಯಕ್ಕ ನನ್ನ ಗದ್ದೆ ನೆಟ್ಟು ಕೊಟ್ಟಿದ್ಲು. ಆ ಮುಯ್ಯಿ ಹಂಗೇ ಉಳ್ದದೆ," ಅಂದರು ಮುದುಕರು. "ನಾನು ಬರ್ತೀನಿ. ಎಲ್ಲಿ ಗದ್ದೆ?"

"ಗದ್ದೆ ಅಲ್ಲ ಮಂಜಣ್ಣ, ಶಾಮಿಯಾನ."

"ಎಂಥದಾದ್ರೂ ಆಗ್ಲಿ. ಮುಯ್ಯಿ ಮುಯ್ಯಿನೇ."

ಜಯಪ್ಪ ಪರೀಕ್ಷೆಗೆಂದು ಅವರನ್ನು ಮಾಸ್ತಿಕಟ್ಟೆಯ ಒಂದು ನಾಮಕರಣಕ್ಕೆ ಕಳಿಸಿದ. ಕೆಲಸದಲ್ಲಿ ತಪ್ಪು ಹೇಳುವಂತಿರಲಿಲ್ಲ. ಮುದುಕರು ಕಂಬ ನೆಟ್ಟರೆ ಆನೆ ತಳ್ಳಿದರೂ ಬೀಳದು. ಎಡವಟ್ಟಾದದ್ದು ಬೇರೆ ಕಡೆ. ಮುಯ್ಯಾಳು ಅಂದರೆ ಕೂಲಿಯಾಳಲ್ಲ, ಮನೆಗೆ ಬಂದ ನೆಂಟನ ಸಮ. ಅವನಿಗೆ ಬಂದ ತಕ್ಷಣ ಕಾಫಿ, ಆಮೇಲೆ ತಿಂಡಿ, ಬಿಸಿಲೇರಿದಾಗ ಎಲೆ ಅಡಿಕೆ, ಮಧ್ಯಾಹ್ನ ಮೀನು ಸಾರಿನ ಊಟ. ಇದು ಹಿಂದಿನಿಂದ ಬಂದ ಕಟ್ಟಳೆ. ಮುದುಕರು ನಾಲ್ಕು ಕಂಬ ನೆಟ್ಟು, ಕೈ ಕಾಲು ತೊಳೆದು, ಹೋಗಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತರು.

ಮನೆಯ ಯಜಮಾನ ಬಂದು, "ಎಂಥ ಅಜ್ಜ, ಕೂತಿದ್ದು? ಇನ್ನೂ ಪಡದೆ ಕಟ್ಟಿಲ್ಲ!" ಅಂದ.

"ಎಲೆ ಅಡಿಕೆ ಬಂದಿಲ್ಲ," ಅಂದರು ಮುದುಕರು.

"ಯಾರಿಗೆ?"

"ಮುಯ್ಯಾಳಿಗೆ! ಎಲೆ ಅಡಿಕೆ ಕೊಡ್ದೆ ಮುಯ್ಯಾಳಿನ ಹತ್ರ ಕೆಲ್ಸ ಮಾಡ್ಸೋ ಮನೆ ಇದೇ ಮೊದ್ಲು ಕಂಡಿದ್ದು. ಎಂಥ ಜನಾನೋ. ಒಳಗೆ ಹೆಂಗಸ್ರು ಇಲ್ವಾ? ಮೀನು ತಂದಿದೀರಾ ಇಲ್ವಾ?"

ಪುರೋಹಿತರು ಹೋಮದ ಮುಂದೆ ಕೂತಿದ್ದರು. ಮೀನು ಎಂಬ ಶಬ್ದ ಕೇಳಿ ಮಂತ್ರ ನಿಂತಿತು. ಸಾಲದ್ದಕ್ಕೆ ಮುದುಕರು ಹೊರಡುವಾಗ ಯಜಮಾನನ ಹೆಗಲ ಮೇಲೆ ಕೈ ಇಟ್ಟು, "ನಾಳೆ ನೀನು ಬಾ. ನನ್ನ ಹಿತ್ತಲ ಬೇಲಿ ಕಟ್ಟಾದು ಉಂಟು. ಆಳಿಗೆ ಆಳು," ಎಂದು ಹೇಳಿ ಬಂದರಂತೆ. ಆ ಮನುಷ್ಯ ಸರ್ಕಾರಿ ಇಂಜಿನಿಯರು.

ಜಯಪ್ಪನ ಫೋನು ಕಾದು ಕೆಂಪಾಯಿತು. "ನಿನ್ನ ಪರಂಪರೇನ ಮನೇಲೇ ಇಟ್ಕ!" ಎಂದು ಅಂಜನಪ್ಪನ ಮೇಲೆ ಹಾರಿದ. ಆಮೇಲೆ ಮತ್ತೆ ನಯವಾದ. "ಕೇಳಿಲ್ಲಿ. ಆಪ್ರೇಷನ್ ದಿನಾನೇ ತೀರ್ಥಹಳ್ಳಿಯಲ್ಲಿ ಸಭೆ ಉಂಟು. ಕಾನೂನಿನ ಕರಡು ಜನಕ್ಕೆ ತಿಳ್ಸೋ ಸಭೆ. ಅಲ್ಲಿ ನಿಂಗೇ ಸನ್ಮಾನ ಅಂತೆ, ಮಾದರಿ ಕಾರ್ಮಿಕ ಅಂತ. ಬೆಳಿಗ್ಗೆ ಬೇಗ ಮುಗೀತದೆ. ಶಾಲು ಹೊದ್ಕ, ನನ್ನ ವ್ಯಾನು ತಗ, ಸೀದಾ ಶಿವಮೊಗ್ಗಕ್ಕೆ ಹೋಗು. ನಿಮ್ಮವ್ವನ ಆಪ್ರೇಷನ್ ಮಧ್ಯಾಹ್ನ ಅಲ್ವಾ? ಬೇಕಾದಷ್ಟು ಟೈಮುಂಟು."

ಅಂಜನಪ್ಪ ನಂಬಿದ. ನಾನೂ ನಂಬಿದೆ, ಸುಳ್ಳು ಯಾಕೆ ಹೇಳಲಿ. ಮುನ್ನಾದಿನ ಮಂಜುಶ್ರೀ ಅತ್ತೆಯನ್ನು ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದಳು. ಗುತ್ಯಮ್ಮ ಕಿಟಕಿಯಿಂದ, "ಬಾಗ್ಲಲ್ಲಿ, ಗೊತ್ತಾಯ್ತಲ್ಲ?" ಎಂದು ಕೂಗಿದಳು. ಅಂಜನಪ್ಪ ಕೈ ಎತ್ತಿದ.

ತೀರ್ಥಹಳ್ಳಿಯ ಸಭೆಗೆ ಈ ಸಲ ಜನ ಭರ್ತಿ. ಊಟ ಇತ್ತು. ಸನ್ಮಾನ ನೋಡಲು ನಾನೂ ವ್ಯಾನು ಹತ್ತಿ ಬಂದಿದ್ದೆ. ಅಂಜನಪ್ಪ ನಸುಕಿನಲ್ಲೇ ಬಂದು ಶಾಮಿಯಾನ ಕಟ್ಟಿ, ಕುರ್ಚಿ ಹಾಕಿ, ಮೈಕ್ ಚೆಕ್ ಮಾಡಿ, ಆಮೇಲೆ ವೇದಿಕೆಯ ಹಿಂದೆ ಹೋಗಿ ಇಸ್ತ್ರಿ ಅಂಗಿ ಹಾಕಿಕೊಂಡು ಸನ್ಮಾನಿತನಾಗಿ ಬಂದು ಕೂತ. ತಾನೇ ಹಾಕಿದ ಕುರ್ಚಿ. ಅದರಲ್ಲಿ ಕೂರುವುದು ಹೇಗೆಂದು ತಿಳಿಯದೆ ತುದಿಯಲ್ಲಿ ಕೂತಿದ್ದ. ಎಲ್ಲವೂ ಸಜ್ಜಾಗಿತ್ತು. ಮುಖ್ಯ ಅತಿಥಿಗಳು ಮಾತ್ರ ಬರಬೇಕಿತ್ತು.

ಅತಿಥಿಗಳು ದಾರಿಯಲ್ಲಿದ್ದರು. ದೊಡ್ಡವರು ಯಾವಾಗಲೂ ದಾರಿಯಲ್ಲೇ ಇರುತ್ತಾರೆ. ಸ್ವಾಗತ ಗೀತೆ ಒಮ್ಮೆ ಆಯಿತು, ಇನ್ನೊಮ್ಮೆ ಆಯಿತು. ಅಂಜನಪ್ಪ ಎದ್ದು ಜಯಪ್ಪನ ಹತ್ತಿರ ಹೋಗಿ ಪಿಸುಗುಟ್ಟುವುದು, ಜಯಪ್ಪ ಅವನ ಹೆಗಲು ತಟ್ಟಿ ಕೂರಿಸುವುದು ಕಾಣುತ್ತಿತ್ತು. "ಈಗ ಬಂದ್ರು, ಈಗ ಬಂದ್ರು." ನನಗೆ ಕುರ್ಚಿ ಮುಳ್ಳಾಯಿತು. ಎದ್ದು ಹೋಗೋ ಎಂದು ಸನ್ನೆ ಮಾಡಿದೆ. ಅವನು ಮೈಕಿನ ಕಡೆ ನೋಡಿದ. ಮೈಕು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಅತಿಥಿಗಳು ಬಂದರು. ಕುಮುದಾ ಮೇಡಂ ಎದ್ದು ಕರಡಿನ ವಿವರ ಹೇಳಿದರು. ಕಾಯಿಲೆಗೆ ರಜೆ, ಮನೆಯವರ ಆರೈಕೆಗೆ ರಜೆ, ಎಲ್ಲಕ್ಕೂ ಸಂಬಳ. ಜನ ಚಪ್ಪಾಳೆ ತಟ್ಟಿದರು. ಅಂಜನಪ್ಪನ ಮುಖ ಅರಳಿತು. ಮೇಡಂ ಮುಂದುವರಿಸಿದರು: "ಆದರೆ ಗ್ರಾಮೀಣ ತಾಲೂಕುಗಳ ಸಣ್ಣ ಅಂಗಡಿಗಳಿಗೆ ಸದ್ಯಕ್ಕೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಮುಯ್ಯಾಳಿನಂಥ ಪರಸ್ಪರ ಸಹಾಯದ ಪದ್ಧತಿ ಇನ್ನೂ ಜೀವಂತವಾಗಿದೆ ಎಂದು ನಮಗೆ ತಿಳಿಸಿಕೊಟ್ಟವರು ಇದೇ ಅಂಜನಪ್ಪನವರು. ಅವರನ್ನು ಈಗ ಗೌರವಿಸೋಣ."

ಮುಂದಿನ ಸಾಲಿನ ಮಾಲೀಕರು ಎದ್ದು ನಿಂತು ತಟ್ಟಿದರು. ಅಂಜನಪ್ಪ ಅರ್ಥವಾಗದವನಂತೆ ಎದ್ದು ನಿಂತ. ಅವನಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ಎರಡು ಮಾತಾಡಿ ಎಂದು ಮೈಕಿನ ಮುಂದೆ ತಂದು ನಿಲ್ಲಿಸಿದರು. ಅಷ್ಟರಲ್ಲಿ ಅವನ ಜೇಬಿನ ಫೋನು ಹೊಡೆದುಕೊಂಡಿತು. ಅವನು ಗಾಬರಿಯಲ್ಲಿ ತೆಗೆದು, ಎಂದಿನಂತೆ ಸ್ಪೀಕರ್ ಒತ್ತಿ ಹಿಡಿದ. ಹಿಡಿದದ್ದು ಮೈಕಿನ ಬಾಯಿಗೆ.

"ಎಲ್ಲಿದೀರಿ?" ಮಂಜುಶ್ರೀಯ ದನಿ ಶಾಮಿಯಾನದ ನಾಲ್ಕೂ ಮೂಲೆಯಿಂದ ಬಂತು. "ಒಳಗೆ ಕರ್ಕಂಡು ಹೋಗ್ತಿದಾರೆ. ಅತ್ತೆ ತಲೆ ಎತ್ತಿ ಎತ್ತಿ ಬಾಗ್ಲ ಕಡೆ ನೋಡ್ತಿದಾರೆ. ತಗಳಿ, ಮಾತಾಡಿ."

ಗರಗರ ಸದ್ದು. ಆಮೇಲೆ ಗುತ್ಯಮ್ಮ.

"ಅಂಜ್ನಾ. ಬಾಗ್ಲಲ್ಲಿ ಇದೀಯೇನಾ?"

ಅಂಜನಪ್ಪ ಪೇಟದ ಕೆಳಗಿಂದ ಜನವನ್ನು ನೋಡಿದ, ಜಯಪ್ಪನನ್ನು ನೋಡಿದ.

"ಇದೀನವ್ವ," ಅಂದ. "ಬಾಗ್ಲಲ್ಲೇ ಇದೀನಿ. ನೀ ಹೋಗಿ ಬಾ."

"ಹಂ. ಹಂಗಾದ್ರೆ ಸರಿ."

ಫೋನು ಕಟ್ಟಾಯಿತು. ಸಭೆ ಚಪ್ಪಾಳೆ ತಟ್ಟಿತು. ಹೌದು, ತಟ್ಟಿತು! ಇದೂ ಕಾರ್ಯಕ್ರಮದ ಒಂದು ಭಾಗ ಎಂದುಕೊಂಡರು. ಮುಖ್ಯ ಅತಿಥಿಗಳು ಮೈಕು ಹಿಡಿದು, "ತಾಯಿಯ ಕರೆಗೆ ಮಗ ಬಾಗಿಲಲ್ಲಿ ನಿಲ್ಲುವುದು, ಇದೇ ನಮ್ಮ ಸಂಸ್ಕೃತಿ," ಎಂದು ಶುರು ಮಾಡಿದರು. ನನಗೆ ಕೈಯಲ್ಲಿ ಕತ್ತರಿ ಇದ್ದಿದ್ದರೆ ಆ ಮೈಕಿನ ವೈರನ್ನು ಅಲ್ಲೇ ಕತ್ತರಿಸುತ್ತಿದ್ದೆ.

ಕುಮುದಾ ಮೇಡಂ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ವೇದಿಕೆಯಿಂದ ಇಳಿದು, ಮುಂದೆ ಎದ್ದು ನಿಂತಿದ್ದ ನನ್ನ ಹತ್ತಿರ ಬಂದರು. "ಅವರ ತಾಯಿ ಎಲ್ಲಿದ್ದಾರೆ?"

"ಶಿವಮೊಗ್ಗದಲ್ಲಿ ಮೇಡಂ. ಆಪರೇಷನ್ನು."

"ಮತ್ತೆ ಇವರು ಇಲ್ಲಿ..? ಇವರ ಮುಯ್ಯಾಳು?"

"ಮುಯ್ಯಿ ಸತ್ತು ಎಷ್ಟೋ ವರ್ಷ ಆಯ್ತು ಮೇಡಂ. ಇವನು ಊರ ಮಾನಕ್ಕೆ ಹೇಳಿದ್ದು."

ಮೇಡಂ ಅಲ್ಲಿಂದಲೇ ಡ್ರೈವರನ್ನು ಕೂಗಿದರು. ತಮ್ಮ ಕಾರಿನಲ್ಲೇ ಅಂಜನಪ್ಪನನ್ನು ಶಿವಮೊಗ್ಗಕ್ಕೆ ಕಳಿಸಿದರು. ನಾನೂ ಹತ್ತಿಕೊಂಡೆ. ಅಧಿಕಾರಿಗಳ ಕಾರು, ಅಂಜನಪ್ಪನ ತಲೆಯ ಮೇಲೆ ಪೇಟ. ಮಂಡಗದ್ದೆಯ ಹತ್ತಿರ ಪೊಲೀಸನೊಬ್ಬ ಸೆಲ್ಯೂಟ್ ಹೊಡೆದ.

ಆಪರೇಷನ್ ಕೋಣೆಯ ಬಾಗಿಲಿಗೆ ನಾವು ಮುಟ್ಟುವಾಗ ಅದು ಮುಚ್ಚಿತ್ತು. ಅಂಜನಪ್ಪ ಹೋಗಿ ಬಾಗಿಲಿಗೆ ಅಂಟಿಕೊಂಡು ನಿಂತ. ತುಂಬಾ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದರು. ಮಾಡುವುದನ್ನೆಲ್ಲ ಮಾಡಿದೆವು, ವಯಸ್ಸಾದ ಹೃದಯ ತಡೆಯಲಿಲ್ಲ ಎಂದರು. ಯಾರನ್ನೂ ದೂರುವ ಹಾಗಿರಲಿಲ್ಲ. ದೂರಲು ಒಬ್ಬರಾದರೂ ಸಿಕ್ಕಿದ್ದರೆ ಅಂಜನಪ್ಪನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮಂಜುಶ್ರೀ ಅಳುತ್ತಿರಲಿಲ್ಲ. ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ತಲೆ ಮೇಲಿರಾದು ತೆಗೀರಿ ಮೊದ್ಲು," ಅಂದಳು.

ಅವನು ಪೇಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಅವ್ವ ಬಾಗ್ಲ ಕಡೆ ನೋಡಿದ್ಲಾ?"

"ನೋಡಿದ್ರು. ನಾನು ಫೋನ್ ಹಿಡ್ಕಂಡು ಅಲ್ಲೇ ನಿಂತಿದ್ದೆ. ಕಣ್ಣು ಮಂಜಾಗಿತ್ತಲ್ಲ, ನಿಮ್ಮ ದನಿ ಬೇರೆ ಕೇಳ್ತು, ನಾನೇ ನೀವು ಅಂದ್ಕಂಡ್ರೇನೋ. ನಗಾಡಿದ್ರು." ಅವಳು ಮುಚ್ಚಿದ ಬಾಗಿಲ ಕಡೆ ತಿರುಗಿದಳು. "ನಿಮ್ಮ ಬದ್ಲಿಗೆ ನಾನು ನಿಂತೆ ಕಣ್ರೀ."

ಜಯಪ್ಪ ಸುದ್ದಿ ಕೇಳಿದ ಕೂಡಲೇ ಫೋನು ಮಾಡಿದ. ನಿಜವಾಗಿ ಅತ್ತ, ಅದರಲ್ಲಿ ಮೋಸವಿಲ್ಲ. "ಸೂತಕ ಕಳಿಯೋ ತನಕ ಅಂಗ್ಡಿ ಕಡೆ ತಲೆ ಹಾಕ್ಬೇಡ ಮಾರಾಯ. ಪೂರ್ತಿ ಸಂಬಳ. ಶಾಮಿಯಾನ, ಕುರ್ಚಿ ಎಲ್ಲ ನಂದೇ, ಈಗ್ಲೇ ಕಳಿಸ್ತೀನಿ." ಕಳಿಸಿದ. ಮದುವೆಯ ಬಟ್ಟೆ ಹೊದಿಸಿದ ಕುರ್ಚಿಯಲ್ಲ, ಸಾವಿನ ಮನೆಗೆಂದೇ ಬೇರೆ ಇಟ್ಟ ಕಬ್ಬಿಣದವು. ಆದರೆ ಕಟ್ಟುವ ಹುಡುಗರೆಲ್ಲ ಮದುವೆಗಳಿಗೆ ಹೋಗಿದ್ದರು. ವ್ಯಾನಿನವನು ಕಂಬ, ತಾರ್ಪಾಲು ಅಂಜನಪ್ಪನ ಮನೆಯ ಅಂಗಳದಲ್ಲಿ ಸುರಿದು, ಇನ್ನೊಂದು ಬಾಡಿಗೆ ಉಂಟು ಎಂದು ಹೊರಟುಹೋದ.

ಊರೆಲ್ಲ ಬಂದಿತ್ತು. ಶಿವು ಬಂದಿದ್ದ. ಸೊಂಟ ಇಲ್ಲದ ಹೇರಂಬ ಭಟ್ಟರು ಗುಡ್ಡ ಇಳಿದು ಬಂದು ಅಂಗಳದಾಚೆ ನಿಂತಿದ್ದರು. ಕರೆಯಲು ಹೋದಾಗ ಬಿಡುವಿಲ್ಲದ ಒಂದೊಂದು ಮನೆಯಿಂದಲೂ ಆಳು ಬಂದಿತ್ತು. ಬಿಸಿಲಲ್ಲಿ ಎಲ್ಲರೂ ತಲೆಗೆ ಟವೆಲ್ ಹಾಕಿಕೊಂಡು ನಿಂತಿದ್ದರು. ಅಂಜನಪ್ಪ ಅದನ್ನು ನೋಡಿದ. ಅಷ್ಟು ಜನ ನಿಂತಿರುವುದನ್ನು ನೋಡಿ ಸುಮ್ಮನಿರುವುದು ಅವನ ಕೈಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಒಂದು ಕಂಬಕ್ಕೆ ಹೆಗಲು ಕೊಟ್ಟ.

ಮಂಜುನಾಥಪ್ಪ ಬಂದು ಆ ಕಂಬವನ್ನು ಅವನ ಹೆಗಲಿಂದ ಇಳಿಸಿಕೊಂಡರು. "ನೀ ಕೂತ್ಕ," ಅಂದರು. "ಇದು ಗುತ್ಯಕ್ಕಂದೂ ನಂದೂ ಮುಯ್ಯಿ."

ಮುದುಕರು ಒಬ್ಬರೇ ಕಂಬ ನೆಟ್ಟರು. ಆಮೇಲೆ ಶಿವು ಬಂದು ಹಗ್ಗ ಹಿಡಿದ, ಇನ್ನು ಕೆಲವರು ಬಂದು ಕುರ್ಚಿ ಬಿಡಿಸಿದರು. ಆ ದಿನ ಮುದುಕರು ಕಾಫಿ ಕೇಳಲಿಲ್ಲ. ಎಲೆ ಅಡಿಕೆ ಕೇಳಲಿಲ್ಲ.

ಅಂಜನಪ್ಪ ಒಂದು ಕುರ್ಚಿ ಎತ್ತಿಕೊಂಡು ಹೋಗಿ ಮನೆಯ ಬಾಗಿಲಲ್ಲಿ ಹಾಕಿಕೊಂಡು ಕೂತ. ಹೆಣ ಎತ್ತಿದ ಮೇಲೂ, ಮಣ್ಣು ಮಾಡಿ ಬಂದ ಮೇಲೂ, ಮಾರನೇ ದಿನವೂ ಅಲ್ಲೇ. ಬಂದು ಹೋಗುವವರು ಅವನನ್ನು ಸುತ್ತಿಕೊಂಡು ಒಳಗೆ ಹೋಗಬೇಕಾಗಿತ್ತು. ಜಯಪ್ಪ ಬಾಳೆಹಣ್ಣು ಹಿಡಿದುಕೊಂಡು ಮಾತಾಡಿಸಲು ಬಂದ. ಅಂಗಳದಲ್ಲೇ ನಿಂತು, ಯಾರೂ ತನ್ನನ್ನು ಮುಟ್ಟದಂತೆ ನೋಡಿಕೊಳ್ಳುತ್ತ, "ಹಿಂಗೆ ಎಷ್ಟೊತ್ತು ಕೂರ್ತೀಯ? ಒಳಗೆ ಹೋಗಿ ಸ್ವಲ್ಪ ಮಲಗು ಮಾರಾಯ," ಅಂದ.

"ಇಲ್ಲ ಜಯಪ್ಪಣ್ಣ," ಅಂದ ಅಂಜನಪ್ಪ. "ಬಾಗ್ಲಲ್ಲೇ ಇರ್ತೀನಿ. ರಜೆ ಉಂಟಲ್ಲ."